ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ

ಲಾರಿಯ ಕ್ಲಚ್ ಪ್ಲೇಟ್ ಸವೆದಿದೆ ಎಂದು ಹೇಳಲು ಹರಪನಹಳ್ಳಿ ಸೀಮೆಯ ಯಾವ ಮೆಕ್ಯಾನಿಕ್ಕೂ ಪುಸ್ತಕ ಓದಬೇಕಿಲ್ಲ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. “ಪ್ಲೇಟ್ ಹೋಗೈತಿ, ಗಿಯರ್ ಬಾಕ್ಸ್ ಇಳಿಸಬೇಕು” ಅಂದರೆ ಮಾತು ಮುಗಿಯಿತು. ಸಂಜೆಯೊಳಗೆ ಹೊಸ ಪ್ಲೇಟ್ ಕೂತು ಲಾರಿ ಮತ್ತೆ ಮೆಕ್ಕೆಜೋಳ ಹೊರುತ್ತದೆ.

ಇದೇ ದೂರನ್ನು ಹೊತ್ತು ಹತ್ತು-ಹನ್ನೆರಡು ವರ್ಷದ ಆಟೋಮೆಟಿಕ್ ಕಾರೊಂದು ಅದೇ ಗ್ಯಾರೇಜಿಗೆ ಬಂದರೆ ಕತೆ ಬೇರೆ. ಕೊಟ್ಟೂರು, ಹಡಗಲಿ, ಕೂಡ್ಲಿಗಿಯ ಬೀದಿಗಳಲ್ಲಿ ಇಂಥ ಕಾರುಗಳು ಈಗ ಅಪರೂಪವೇನಲ್ಲ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಕಾಲು ನೋಯಿಸಿಕೊಳ್ಳಲಾರದವರು ಕೊಂಡು, ಓಡಿಸಿ, ಮಾರಿದ ಗಾಡಿಗಳು ಇವು. ಎರಡನೆಯ ಅಥವಾ ಮೂರನೆಯ ಮಾಲೀಕನ ಕೈಗೆ ಬರುವ ಹೊತ್ತಿಗೆ ಲಕ್ಷ ಕಿಲೋಮೀಟರ್ ಸವೆದಿರುತ್ತವೆ. ಇವುಗಳಲ್ಲೂ ಪ್ಲೇಟುಗಳಿವೆ. ಆದರೆ ಒಂದಲ್ಲ, ಹತ್ತಾರು. ಗಾಳಿಯಲ್ಲಲ್ಲ, ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಅವುಗಳನ್ನು ಒತ್ತುವುದು ಕಾಲಲ್ಲ, ಕಂಪ್ಯೂಟರಿನ ಮಾತು ಕೇಳುವ ಆಯಿಲಿನ ಒತ್ತಡ. ಹಾಗಾಗಿ ಜಾರುವ ಗಾಡಿಯಲ್ಲಿ ಪ್ಲೇಟೇ ಕಳ್ಳ ಎಂದು ಹೇಳುವಂತಿಲ್ಲ. ಅನೇಕ ಸಲ ಪ್ಲೇಟು ಬರೀ ಸತ್ತವನು, ಕೊಂದವನು ಬೇರೆ ಕಡೆ ಇರುತ್ತಾನೆ. ಅವನನ್ನು ಬಿಟ್ಟು ಪ್ಲೇಟು ಮಾತ್ರ ಬದಲಾಯಿಸಿದರೆ ಹೊಸ ಪ್ಲೇಟಿಗೂ ಅದೇ ಗತಿ.

ಮೊದಲು ಒಂದು ಗೊಂದಲ ಕಳೆದುಕೊಳ್ಳಬೇಕು. ಕ್ಲಚ್ ಪೆಡಲ್ ಇಲ್ಲದ ಗಾಡಿಯನ್ನೆಲ್ಲ ನಾವು ಆಟೋಮೆಟಿಕ್ ಅನ್ನುತ್ತೇವೆ, ಒಳಗಿನ ಯಂತ್ರ ಮಾತ್ರ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಜನಪ್ರಿಯವಾದ ಎಎಂಟಿ ಅಂದರೆ ಮಾಮೂಲಿ ಗಿಯರ್ ಬಾಕ್ಸ್, ಮಾಮೂಲಿ ಒಣ ಕ್ಲಚ್. ಚಾಲಕನ ಕೈಕಾಲಿನ ಕೆಲಸವನ್ನು ಒಂದು ಯಾಂತ್ರಿಕ ತೋಳು ಮಾಡುತ್ತದೆ, ಅಷ್ಟೆ. ಅದು ಜಾರಿದರೆ ಲಾರಿಯ ವೈದ್ಯವೇ ಸಾಕು: ಕ್ಲಚ್ ಸೆಟ್ ಬದಲಾಯಿಸಿ, ಹೊಸ ಕ್ಲಚ್ ಎಲ್ಲಿ ಕಚ್ಚುತ್ತದೆ ಎಂಬುದನ್ನು ಸ್ಕ್ಯಾನರ್ ಹಾಕಿ ಕಂಪ್ಯೂಟರಿಗೆ ಕಲಿಸಬೇಕು. ಈ ಕಲಿಸುವ ಕೆಲಸ ಬಿಟ್ಟು ಗಾಡಿ ಕಳಿಸುವ ಗ್ಯಾರೇಜುಗಳಿವೆ. ಅಂಥ ಗಾಡಿ ಹೊಸ ಪ್ಲೇಟಿನಲ್ಲೂ ನಡುಗುತ್ತದೆ.

ಎರಡನೆಯದು ಸಿವಿಟಿ. 1980ರ ದಶಕದ ಕೈನೆಟಿಕ್ ಹೋಂಡಾ ಓಡಿಸಿದವರಿಗೆ ಇದು ಹಳೆಯ ಪರಿಚಯ. ಗಿಯರುಗಳೇ ಇಲ್ಲ, ಅಗಲ ಕಿರಿದಾಗುವ ಎರಡು ರಾಟೆಗಳ ನಡುವೆ ಒಂದು ಬೆಲ್ಟು. ಸ್ಕೂಟರಿನಲ್ಲಿ ರಬ್ಬರು, ಕಾರಿನಲ್ಲಿ ನೂರಾರು ತೆಳು ಉಕ್ಕಿನ ತುಂಡುಗಳನ್ನು ಪೋಣಿಸಿದ ಪಟ್ಟಿ. ನಮ್ಮ ದೇಶದಲ್ಲಿ ಹೋಂಡಾ ಸಿಟಿಯ 2003ರ ಮಾದರಿಯಲ್ಲಿ ಅದು ಬಂತು. ಎಕ್ಸಲರೇಟರ್ ಒತ್ತಿದಾಗ ಮೊದಲು ಇಂಜಿನ್ ಏರಿ, ಆಮೇಲೆ ನಿಧಾನಕ್ಕೆ ವೇಗ ಬರುವುದು ಸಿವಿಟಿಯ ಹುಟ್ಟುಗುಣ. ಅದನ್ನು ಜಾರುವಿಕೆ ಎಂದು ತಿಳಿದು ಹಣ ಸುರಿದವರಿದ್ದಾರೆ. ನಿಜವಾಗಿ ಬೆಲ್ಟು ಜಾರಿದರೆ ರಾಟೆಯ ಮೇಲೆ ಗೀರು ಬಿದ್ದಿರುತ್ತದೆ, ಆಗ ಆಯಿಲ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ.

ಮೂರನೆಯದು ಹಳೆಯ, ಅಸಲಿ ಆಟೋಮೆಟಿಕ್: ಟಾರ್ಕ್ ಕನ್ವರ್ಟರ್ ಇರುವುದು. ಹ್ಯುಂಡೈ ವೆರ್ನಾ, ಟೊಯೊಟಾ ಕೊರೊಲಾ, 2012ರ ಸ್ವಿಫ್ಟ್ ಡಿಸೈರ್, 2008ರ ಹೋಂಡಾ ಸಿಟಿ ಇಂಥವುಗಳ ಆಟೋಮೆಟಿಕ್ ಮಾದರಿಗಳಲ್ಲಿ ಇರುವುದು ಇದೇ. ನಮ್ಮ ಸೀಮೆಗೆ ಈ ಯಂತ್ರ ಹೊಸದೇನಲ್ಲ. ಪಕ್ಕದ ಸಂಡೂರಿನ ಬೆಟ್ಟದಲ್ಲಿ ಕಬ್ಬಿಣದ ಅದಿರು ಹೊರುವ ಮನೆಯೆತ್ತರದ ಡಂಪರುಗಳ ಹೊಟ್ಟೆಯಲ್ಲೂ ಕನ್ವರ್ಟರೇ ಇದೆ.

ಕನ್ವರ್ಟರ್ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಉಗಿ ಟರ್ಬೈನ್ ಬಲು ವೇಗವಾಗಿ ತಿರುಗುತ್ತದೆ, ಹಡಗಿನ ಪ್ರೊಪೆಲರ್ ನಿಧಾನ ತಿರುಗಿದರೇ ಚೆನ್ನ. ಇವೆರಡರ ನಡುವೆ ಹಲ್ಲಿನ ಚಕ್ರಗಳ ಬದಲು ದ್ರವವನ್ನೇ ಇಡಬಹುದು ಎಂದು ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ. ತತ್ತ್ವ ನಮ್ಮ ಅಡುಗೆಮನೆಯಲ್ಲೇ ಇದೆ. ಮಜ್ಜಿಗೆ ಕಡೆಯುವಾಗ ಕಡಗೋಲು ಗಡಿಗೆಯನ್ನು ಮುಟ್ಟುವುದೇ ಇಲ್ಲ, ಆದರೂ ಗಡಿಗೆಯನ್ನು ಒತ್ತಿ ಹಿಡಿಯದಿದ್ದರೆ ಅದೂ ತಿರುಗಲು ನೋಡುತ್ತದೆ. ಸುತ್ತುವ ಮೊಸರು ತನ್ನ ತಿರುಗುಬಲವನ್ನು ಗಡಿಗೆಗೆ ದಾಟಿಸುತ್ತದೆ. ಕನ್ವರ್ಟರಿನಲ್ಲಿ ಇಂಜಿನ್ ಒಂದು ರೆಕ್ಕೆಚಕ್ರವನ್ನು ತಿರುಗಿಸುತ್ತದೆ, ಅದು ಚಿಮ್ಮಿಸಿದ ಆಯಿಲ್ ಎದುರಿನ ಚಕ್ರವನ್ನು ತಿರುಗಿಸುತ್ತದೆ. ನಡುವೆ ಸ್ಟೇಟರ್ ಎಂಬ ಮೂರನೆಯ ಪುಟ್ಟ ಚಕ್ರ. ಹಿಂದಿರುಗುವ ಆಯಿಲನ್ನು ಅದು ತಿರುವಿ ಕೊಡುವುದರಿಂದ ಗಾಡಿ ಹೊರಡುವಾಗ ತಿರುಗುಬಲ ಸುಮಾರು ಎರಡು ಪಟ್ಟಾಗುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಿದ್ದರೂ ಇಂಜಿನ್ ಆರದೆ ಓಡುತ್ತಿರುವುದು ನಡುವೆ ದ್ರವ ಇರುವುದರಿಂದಲೇ.

ಅಂದರೆ ಆಟೋಮೆಟಿಕ್ ಕಾರಿನಲ್ಲಿ ಜಾರುವಿಕೆ ಯಾವಾಗಲೂ ರೋಗವಲ್ಲ. ಒಂದಿಷ್ಟು ಜಾರುವಿಕೆ ಅದರ ಜೀವ. ಆದರೆ ಹೆದ್ದಾರಿಯಲ್ಲಿ ಒಂದೇ ಸಮ ಓಡುವಾಗಲೂ ಕನ್ವರ್ಟರ್ ತುಸು ಜಾರುತ್ತಲೇ ಇರುತ್ತದೆ, ಅಷ್ಟು ಪೆಟ್ರೋಲ್ ಬಿಸಿಯಾಗಿ ಹೋಗುತ್ತದೆ. ಇದಕ್ಕೆ ಮದ್ದು, ವೇಗ ಬಂದ ಮೇಲೆ ದ್ರವವನ್ನು ಪಕ್ಕಕ್ಕಿಟ್ಟು ಇಂಜಿನ್ನನ್ನೂ ಗಿಯರನ್ನೂ ನೇರ ಬಿಗಿಯುವುದು. ಕಾರಿನಲ್ಲಿ ಇದಕ್ಕೆ ಲಾಕ್-ಅಪ್ ಕ್ಲಚ್ ಎನ್ನುತ್ತಾರೆ. ಈ ದಾರಿಯಲ್ಲಿ ನಡೆದ ನಮ್ಮವರೊಬ್ಬರಿದ್ದಾರೆ: ರೈಲ್ವೆ ಎಂಜಿನಿಯರ್ ಮನಮೋಹನ್ ಸೂರಿ. ಕಡಿಮೆ ವೇಗದಲ್ಲಿ ಕನ್ವರ್ಟರ್, ಹೆಚ್ಚು ವೇಗದಲ್ಲಿ ನೇರ ಯಾಂತ್ರಿಕ ಜೋಡಣೆ ಇರುವ ಅವರ ‘ಸೂರಿ ಟ್ರಾನ್ಸ್‌ಮಿಶನ್’ ಚಿತ್ತರಂಜನ್ ಕಾರ್ಖಾನೆಯ ಡಬ್ಲ್ಯುಡಿಎಸ್-4 ಶಂಟಿಂಗ್ ಎಂಜಿನ್ನುಗಳಲ್ಲಿ ಕೂತಿತು. ಅವರು ಮುಂದೆ ದುರ್ಗಾಪುರದ ಕೇಂದ್ರೀಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದಾಗಲೇ ಸ್ವರಾಜ್ ಟ್ರ್ಯಾಕ್ಟರ್ ರೂಪುಗೊಂಡಿತು. ನಮ್ಮ ಹೊಲದಲ್ಲಿ ಉಳುವ ಆ ಟ್ರ್ಯಾಕ್ಟರಿನ ಹಿಂದೆ ಇಂಥ ಹೆಸರೊಂದಿದೆ ಎಂದು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಕನ್ವರ್ಟರಿನ ಹಿಂದೆ ಗಿಯರುಗಳು. ನಡುವೆ ಸೂರ್ಯನಂತೆ ಒಂದು ಹಲ್ಲಿನ ಚಕ್ರ, ಸುತ್ತ ಗ್ರಹಗಳಂತೆ ಮೂರ್ನಾಲ್ಕು ಸಣ್ಣವು, ಹೊರಗೆ ಒಳಹಲ್ಲಿನ ಉಂಗುರ. ಹೆಸರೂ ಪ್ಲಾನೆಟರಿ ಅಂತಲೇ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಇದಿತ್ತು, ಕಾಲಿನಿಂದ ಒತ್ತಬೇಕಿತ್ತು. ಜನರಲ್ ಮೋಟರ್ಸಿನ ಹೈಡ್ರಾ-ಮ್ಯಾಟಿಕ್ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಆ ಕೆಲಸವನ್ನು ಆಯಿಲಿನ ಒತ್ತಡಕ್ಕೆ ವಹಿಸಿತು. ಈ ಜೋಡಣೆಯಲ್ಲಿ ಹಲ್ಲುಗಳು ಎಂದೂ ಬಿಟ್ಟು ಕೂಡುವುದಿಲ್ಲ. ಯಾವ ಚಕ್ರವನ್ನು ತಿರುಗಿಸುತ್ತೀರಿ, ಯಾವುದನ್ನು ಹಿಡಿದು ನಿಲ್ಲಿಸುತ್ತೀರಿ ಎಂಬುದರ ಮೇಲೆ ಗಿಯರ್ ಬದಲಾಗುತ್ತದೆ. ತಿರುಗಿಸುವುದಕ್ಕೆ ಕ್ಲಚ್, ಹಿಡಿದು ನಿಲ್ಲಿಸುವುದಕ್ಕೆ ಬ್ರೇಕ್. ಎರಡೂ ಆಯಿಲಿನಲ್ಲಿ ಮುಳುಗಿದ ತೆಳು ಪ್ಲೇಟುಗಳ ಕಟ್ಟು. ಹೋಂಡಾ ಮಾತ್ರ ಬಹುಕಾಲ ಗ್ರಹಚಕ್ರಗಳ ಬದಲು ಮಾಮೂಲಿ ಸಮಾಂತರ ಶಾಫ್ಟುಗಳನ್ನೇ ಬಳಸಿತು. ಅಲ್ಲೂ ಪ್ಲೇಟಿನ ಕಟ್ಟುಗಳು ಇವೆ, ತರ್ಕವೂ ಇದೇ.

ಈ ತರ್ಕವೇ ಇಡೀ ರೋಗಪತ್ತೆಯ ಸ್ವಾರಸ್ಯ. ಹ್ಯುಂಡೈ ಕಾರುಗಳಲ್ಲಿ ಬಹುಕಾಲ ಇದ್ದ ನಾಲ್ಕು ಗಿಯರಿನ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಒಳಗೆ ಐದು ಕಟ್ಟುಗಳು: ಅಂಡರ್‌ಡ್ರೈವ್ ಕ್ಲಚ್, ಓವರ್‌ಡ್ರೈವ್ ಕ್ಲಚ್, ರಿವರ್ಸ್ ಕ್ಲಚ್, ಸೆಕೆಂಡ್ ಬ್ರೇಕ್, ಲೋ-ರಿವರ್ಸ್ ಬ್ರೇಕ್. ಪ್ರತಿ ಗಿಯರಿಗೆ ಇವುಗಳಲ್ಲಿ ಎರಡು ಕಚ್ಚಬೇಕು. ಮೊದಲ ಗಿಯರಿಗೆ ಅಂಡರ್‌ಡ್ರೈವ್ ಮತ್ತು ಲೋ-ರಿವರ್ಸ್. ಎರಡನೆಯದಕ್ಕೆ ಅಂಡರ್‌ಡ್ರೈವ್ ಮತ್ತು ಸೆಕೆಂಡ್ ಬ್ರೇಕ್. ಮೂರಕ್ಕೆ ಅಂಡರ್‌ಡ್ರೈವ್ ಮತ್ತು ಓವರ್‌ಡ್ರೈವ್. ನಾಲ್ಕಕ್ಕೆ ಓವರ್‌ಡ್ರೈವ್ ಮತ್ತು ಸೆಕೆಂಡ್ ಬ್ರೇಕ್. ಹಿಂದಕ್ಕೆ ಹೋಗಲು ರಿವರ್ಸ್ ಕ್ಲಚ್ ಮತ್ತು ಲೋ-ರಿವರ್ಸ್.

ಈಗ ಗಾಡಿಯನ್ನು ಬಾಗಳಿಯಿಂದ ಹರಪನಹಳ್ಳಿಯವರೆಗೆ ಓಡಿಸಿ ನೋಡಿ, ಯಾವ ಯಾವ ಗಿಯರಿನಲ್ಲಿ ಜಾರುತ್ತದೆ ಎಂದು ಬರೆದುಕೊಳ್ಳಿ. ಮೂರರಲ್ಲೂ ನಾಲ್ಕರಲ್ಲೂ ಜಾರಿ, ಒಂದು, ಎರಡು ಗಟ್ಟಿಯಾಗಿದ್ದರೆ ಎರಡಕ್ಕೂ ಸಮಾನವಾದದ್ದು ಓವರ್‌ಡ್ರೈವ್ ಕ್ಲಚ್ ಒಂದೇ. ಎರಡು, ನಾಲ್ಕು ಮಾತ್ರ ಜಾರಿದರೆ ಸೆಕೆಂಡ್ ಬ್ರೇಕ್. ಮುಂದಿನ ಮೊದಲ ಮೂರೂ ಗಿಯರ್ ಜಾರಿ, ನಾಲ್ಕೂ ರಿವರ್ಸೂ ಗಟ್ಟಿಯಿದ್ದರೆ ಅಂಡರ್‌ಡ್ರೈವ್. ಒಂದೂ ರಿವರ್ಸೂ ಜಾರಿದರೆ ಲೋ-ರಿವರ್ಸ್ ಬ್ರೇಕ್. ಮೊದಲ ಗಿಯರಿಗೆ ಒಮ್ಮುಖ ಕ್ಲಚ್ಚಿನ ಆಸರೆ ಇರುವ ಪೆಟ್ಟಿಗೆಗಳೂ ಉಂಟು; ಅಲ್ಲಿ ಲೋ-ರಿವರ್ಸ್ ಸವೆದರೂ ಮೊದಲ ಗಿಯರ್ ಜಾರದೆ ರಿವರ್ಸ್ ಮಾತ್ರ ಜಾರಬಹುದು. ಪೆಟ್ಟಿಗೆ ಬಿಚ್ಚದೆ, ಒಂದು ನಟ್ಟೂ ಸಡಿಲಿಸದೆ, ಕಾಗದ ಪೆನ್ನಿನಲ್ಲಿ ಇಷ್ಟು ತಿಳಿಯುತ್ತದೆ. ಪ್ರತಿ ಪೆಟ್ಟಿಗೆಗೂ ಇಂಥ ಒಂದು ಕೋಷ್ಟಕ ಉಂಟು. ಅದನ್ನು ಕೇಳಿದಾಗ ಮುಖ ಸಿಂಡರಿಸುವ ಮೆಕ್ಯಾನಿಕ್ಕಿಗೆ ಆಟೋಮೆಟಿಕ್ ಗಾಡಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲ ಗಿಯರಿನಲ್ಲೂ ಜಾರಿದರೆ? ಐದೂ ಕಟ್ಟುಗಳು ಒಂದೇ ವಾರ ಸವೆಯುವುದಿಲ್ಲ. ಆಗ ಎಲ್ಲಕ್ಕೂ ಸಮಾನವಾದದ್ದನ್ನು ಹುಡುಕಬೇಕು: ಆಯಿಲಿನ ಮಟ್ಟ, ಫಿಲ್ಟರು, ಪಂಪು, ಒತ್ತಡ ನಿಯಂತ್ರಿಸುವ ವಾಲ್ವು. ಜಾರುವಿಕೆಯ ವೇಷ ಹಾಕಿದ ಇನ್ನೊಂದು ಸ್ಥಿತಿಯೂ ಇದೆ. ಕಂಪ್ಯೂಟರಿಗೆ ಏನಾದರೂ ತಪ್ಪು ಕಂಡರೆ ಈ ಪೆಟ್ಟಿಗೆ ಮೂರನೆಯ ಗಿಯರಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಗಾಡಿ ಮೂರರಲ್ಲೇ ಹೊರಡಬೇಕು, ಹಾಗಾಗಿ ಏಳುವುದಕ್ಕೆ ಒದ್ದಾಡುತ್ತದೆ. ಪ್ಲೇಟುಗಳೆಲ್ಲ ಚೆನ್ನಾಗಿದ್ದು, ಕೆಟ್ಟಿರುವುದು ಒಂದು ಸೆನ್ಸರ್ ಅಥವಾ ಇಲಿ ಕಡಿದ ತಂತಿ ಆಗಿರಬಹುದು.

ಪ್ಲೇಟು ಯಾಕೆ ಜಾರುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ. ಪ್ಲೇಟುಗಳನ್ನು ಒತ್ತುವ ಪಿಸ್ಟನ್ನಿನ ವಿಸ್ತಾರ 60 ಚದರ ಸೆಂಟಿಮೀಟರ್, ಆಯಿಲಿನ ಒತ್ತಡ 8 ಬಾರ್ ಎನ್ನೋಣ (ಕಾರಿನ ಟೈರಿನಲ್ಲಿ ಇರುವುದು 2 ಬಾರ್‌ಗೆ ತುಸು ಹೆಚ್ಚು). ಒತ್ತುವ ಬಲ 4800 ನ್ಯೂಟನ್. ಆಯಿಲಿನಲ್ಲಿ ನೆನೆದ ಮೇಲ್ಮೈಯ ಘರ್ಷಣಾಂಕ 0.13, ಉಜ್ಜುವ ಮುಖಗಳು ಆರು, ಸರಾಸರಿ ತ್ರಿಜ್ಯ ಐದೂವರೆ ಸೆಂಟಿಮೀಟರ್. ಇವನ್ನೆಲ್ಲ ಗುಣಿಸಿದರೆ ಈ ಕಟ್ಟು ಸುಮಾರು 200 ನ್ಯೂಟನ್-ಮೀಟರ್ ತಿರುಗುಬಲವನ್ನು ಜಾರದೆ ಹಿಡಿಯಬಲ್ಲದು. ಪಂಪು ಸವೆದು ಒತ್ತಡ ಅರ್ಧಕ್ಕೆ ಇಳಿದರೆ ಹಿಡಿತವೂ ಅರ್ಧ, ನೂರಕ್ಕೆ ಬಂತು. ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ನೂರು ಸಾಕು, ಮಾಲೀಕನಿಗೆ ಏನೂ ಗೊತ್ತಾಗುವುದಿಲ್ಲ. ಕೂಡ್ಲಿಗಿ ಬಳಿ ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಪೂರ್ತಿ ಒತ್ತಿದಾಗ, ಸಂಡೂರಿನ ಏರು ಹತ್ತುವಾಗ ನೂರೈವತ್ತು ಬೇಕು, ಅಲ್ಲಿ ಜಾರುತ್ತದೆ. “ಊರಲ್ಲಿ ಚೆನ್ನಾಗೇ ಓಡ್ತೈತಿ, ಗುಡ್ಡದಾಗ ಮಾತ್ರ ಕೂಗ್ತೈತಿ” ಎಂಬ ದೂರಿನ ಹಿಂದಿನ ಗಣಿತ ಇದು. ಆ ಹಂತದಲ್ಲೇ ನೋಡಿಸಿದವರ ಹಣ ಉಳಿಯುತ್ತದೆ. ಪ್ಲೇಟಿನ ಮೇಲಿನ ಘರ್ಷಣಾ ಪದರ ಮೂಲತಃ ಸಸ್ಯನಾರು ಮತ್ತು ರಾಳ ಸೇರಿಸಿ ಮಾಡಿದ ಒಂದು ಬಗೆಯ ಕಾಗದ, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಜಾರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಮೇಲ್ಮೈ ಕರಕಲಾಗಿ ನುಣುಪಾಗುತ್ತದೆ, ನುಣುಪಾದರೆ ಇನ್ನೂ ಜಾರುತ್ತದೆ.

ಈ ಕಾಗದಕ್ಕೆ ತಕ್ಕ ಆಯಿಲ್ ಬೇಕು. ಇಂಜಿನ್ ಆಯಿಲಿನ ಕೆಲಸ ಜಾರಿಸುವುದು. ಇಲ್ಲಿನ ಆಯಿಲ್ ಬೇರಿಂಗಿನಲ್ಲಿ ಜಾರಿಸಬೇಕು, ಪ್ಲೇಟಿನ ನಡುವೆ ಹದವಾಗಿ ಹಿಡಿಸಬೇಕು. ಈ ಹದಕ್ಕೆ ಒಂದು ಕಾಲದಲ್ಲಿ ಬಳಸುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. 1970ರ ದಶಕದ ಆರಂಭದಲ್ಲಿ ಅಮೆರಿಕ ತಿಮಿಂಗಿಲದ ಉತ್ಪನ್ನ ನಿಷೇಧಿಸಿದ ಮೇಲೆ ಎಣ್ಣೆ ಕಂಪನಿಗಳು ಬದಲಿ ರಾಸಾಯನಿಕ ಹುಡುಕಬೇಕಾಯಿತು. ಈಗ ಪ್ರತಿ ಕಂಪನಿಗೂ ತನ್ನದೇ ಪಾಕ: ಹ್ಯುಂಡೈಯ ಹಳೆಯ ಪೆಟ್ಟಿಗೆಗಳಿಗೆ ಎಸ್‌ಪಿ-3, ಟೊಯೊಟಾಗೆ ಟಿ-4 ಅಥವಾ ಡಬ್ಲ್ಯುಎಸ್, ಹೋಂಡಾಗೆ ಡಿಡಬ್ಲ್ಯು-1. ಅಂಗಡಿಯಾತ “ಎಲ್ಲ ಒಂದೇ ಸಾರ್, ಕೆಂಪಗಿದ್ದರಾಯ್ತು” ಅಂದರೆ ನಂಬಬೇಡಿ. ಕೆಂಪು ಬರೀ ಬಣ್ಣ, ಸೋರಿದರೆ ಗುರುತಿಸಲೆಂದು ಸೇರಿಸಿದ್ದು.

ಆಯಿಲನ್ನು ಕೊಲ್ಲುವುದು ಬಿಸಿ. ಸುಮಾರು 80 ಡಿಗ್ರಿಯಲ್ಲಿ ಲಕ್ಷಾಂತರ ಕಿಲೋಮೀಟರ್ ಬಾಳುವ ಆಯಿಲಿನ ಆಯುಸ್ಸು, ಅದಕ್ಕಿಂತ ಪ್ರತಿ ಹತ್ತು-ಹನ್ನೊಂದು ಡಿಗ್ರಿ ಏರಿದಾಗ ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಸೂತ್ರ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಮುಟ್ಟುತ್ತದೆ. ಆದರೂ ಬಿಸಿಲು ಇಲ್ಲಿ ಮುಖ್ಯ ಆರೋಪಿಯಲ್ಲ. ಬಹುತೇಕ ಕಾರುಗಳಲ್ಲಿ ಗಿಯರ್ ಆಯಿಲ್ ತಣಿಯುವುದು ಎಲ್ಲಿ ಗೊತ್ತೆ? ರೇಡಿಯೇಟರಿನ ತೊಟ್ಟಿಯೊಳಗೆ, ಕೂಲಂಟಿನಲ್ಲಿ ಮುಳುಗಿದ ಒಂದು ಕೊಳವೆಯಲ್ಲಿ. ಹಾಗಾಗಿ ಗಿಯರಿನ ಆರೋಗ್ಯ ರೇಡಿಯೇಟರಿನ ಆರೋಗ್ಯವೇ. ಇಲ್ಲಿ ನಾವೇನು ಮಾಡುತ್ತೇವೆ? ಕೂಲಂಟ್ ಕಡಿಮೆಯಾದರೆ ಬೋರ್‌ವೆಲ್ ನೀರು ಸುರಿಯುತ್ತೇವೆ. ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟಿಸುವ ಈ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಇಂಜಿನ್ ಬಿಸಿಯ ಮುಳ್ಳು ಇನ್ನೂ ಮಧ್ಯದಲ್ಲೇ ಇರುವಾಗ ಗಿಯರ್ ಆಯಿಲ್ ಮಾತ್ರ ಮೆಲ್ಲಗೆ ಬೇಯುತ್ತಿರುತ್ತದೆ. ಅದಕ್ಕೆ ಪ್ರತ್ಯೇಕ ಮುಳ್ಳನ್ನು ಇಂಥ ಕಾರುಗಳಲ್ಲಿ ಕೊಟ್ಟಿರುವುದಿಲ್ಲ.

ಗಿಯರಿನ ಮೊದಲ ಶತ್ರು ಈ ನೀರಾದರೆ, ಎರಡನೆಯದು ರಸ್ತೆಯ ಮೇಲಿನ ಒಕ್ಕಣೆ. ಹುರುಳಿ, ತೊಗರಿ, ನವಣೆ ಏನಿದ್ದರೂ ಡಾಂಬರಿನ ಮೇಲೆ ಹರಡಿದರೆ ಓಡಾಡುವ ಗಾಡಿಗಳೇ ಬಡಿದು ಕೊಡುತ್ತವೆ. ರೈತನಿಗೆ ಕೂಲಿ ಉಳಿಯುತ್ತದೆ, ಸರಿ. ಎದ್ದ ಹೊಟ್ಟು ಮಾತ್ರ ರೇಡಿಯೇಟರಿನ ಜಾಲರಿಯಲ್ಲಿ ಮೆತ್ತಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಸುಗ್ಗಿ ಮುಗಿದ ಮೇಲೆ ಹಿಂಬದಿಯಿಂದ, ಕಡಿಮೆ ರಭಸದ ನೀರಿನಲ್ಲಿ ಆ ಜಾಲರಿ ತೊಳೆಯುವುದು ಖರ್ಚಿಲ್ಲದ ಚಿಕಿತ್ಸೆ. ಫೆಬ್ರವರಿಯಲ್ಲಿ ಮೈಲಾರದ ಕಾರ್ಣಿಕಕ್ಕೋ ಕೊಟ್ಟೂರಿನ ತೇರಿಗೋ ಹೋಗಿ ಗಂಟೆಗಟ್ಟಲೆ ತೆವಳುವಾಗ ಗಾಳಿಯೇ ಆಡುವುದಿಲ್ಲ. ಮುಚ್ಚಿದ ಜಾಲರಿಯ ಗಾಡಿಗೆ ಅಂಥ ದಿನ ಕಷ್ಟದ್ದು.

ಮೂರನೆಯದು ಹಗ್ಗ. ಗಾಡಿ ನಿಂತಿತು ಅಂದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದು ಇಲ್ಲಿನ ರೂಢಿ. ಈ ಪೆಟ್ಟಿಗೆಯ ಆಯಿಲ್ ಪಂಪು ತಿರುಗುವುದು ಇಂಜಿನ್ನಿನಿಂದ. ಇಂಜಿನ್ ಆರಿಸಿ, ಎಳೆಯುವ ಚಕ್ರಗಳು ನೆಲದ ಮೇಲಿರುವಂತೆ ದೂರ ಎಳೆದರೆ ಒಳಗಿನ ಬೇರಿಂಗುಗಳು ಆಯಿಲಿಲ್ಲದೆ ತಿರುಗುತ್ತವೆ. ಐದು ಸಾವಿರದ ತೊಂದರೆ ಲಕ್ಷದ್ದಾಗುವುದು ಹೀಗೆ. ಮುಂಚಕ್ರ ಎಳೆಯುವ ಕಾರಾದರೆ ಮುಂಭಾಗ ಎತ್ತಿಸಿ ಒಯ್ಯಬೇಕು, ಇಲ್ಲವೇ ಇಡೀ ಗಾಡಿಯನ್ನು ಲಾರಿಯ ಮೇಲೆ ಹೇರಬೇಕು. ತಳ್ಳಿ ಸ್ಟಾರ್ಟ್ ಮಾಡುವ ಆಸೆಯನ್ನೂ ಬಿಡಬೇಕು: ಪಂಪು ತಿರುಗದೆ ಒತ್ತಡವಿಲ್ಲ, ಒತ್ತಡವಿಲ್ಲದೆ ಯಾವ ಪ್ಲೇಟೂ ಕಚ್ಚುವುದಿಲ್ಲ. ಊರೆಲ್ಲ ಸೇರಿ ತಳ್ಳಿದರೂ ಇಂಜಿನ್ ಸುತ್ತುವುದಿಲ್ಲ.

ಹಾಗಾದರೆ ಗಾಡಿ ಜಾರುತ್ತಿದೆ ಎಂಬ ಅನುಮಾನ ಬಂದಾಗ ಎಲ್ಲಿಂದ ಶುರು? ಮೊದಲು ಇಂಜಿನ್ನನ್ನು ಆರೋಪಮುಕ್ತ ಮಾಡಿ. ಎಕ್ಸಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಜಾರುವಿಕೆ. ಮುಳ್ಳೂ ಏರದೆ ವೇಗವೂ ಏರದಿದ್ದರೆ ಅದು ಇಂಜಿನ್ನಿನ ನಿತ್ರಾಣ. ಪೆಟ್ರೋಲ್ ಫಿಲ್ಟರ್, ಪ್ಲಗ್, ಕಟ್ಟಿದ ಸೈಲೆನ್ಸರ್ ನೋಡಿ. ಇದನ್ನು ಅಂಕೆಯಲ್ಲೂ ಹಿಡಿಯಬಹುದು. ಟೈರ್ ಒಂದು ಸುತ್ತಿಗೆ 1.8 ಮೀಟರ್ ಸಾಗುತ್ತದೆ, ಒಂದು ಗಿಯರಿನಲ್ಲಿ ಚಕ್ರದ ಒಂದು ಸುತ್ತಿಗೆ ಇಂಜಿನ್ ನಾಲ್ಕು ಸುತ್ತು ತಿರುಗುತ್ತದೆ ಎನ್ನೋಣ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ ಸಾವಿರ ಮೀಟರ್, ಚಕ್ರ 555 ಸುತ್ತು, ಇಂಜಿನ್ 2220. ಕನ್ವರ್ಟರಿನ ಸಹಜ ಜಾರುವಿಕೆಗೆ ಇನ್ನೊಂದು ನೂರೋ ಇನ್ನೂರೋ ಕೊಡೋಣ. ಮುಳ್ಳು 2800 ತೋರಿಸುತ್ತಿದ್ದರೆ ಉಳಿದ ಸುತ್ತುಗಳೆಲ್ಲ ಎಲ್ಲೋ ಬಿಸಿಯಾಗಿ ಹೋಗುತ್ತಿವೆ. ವೇಗವನ್ನು ಮೊಬೈಲಿನ ಜಿಪಿಎಸ್‌ನಿಂದ ನೋಡಿ, ಕಾರಿನ ಸ್ಪೀಡೋಮೀಟರ್ ಸಾಮಾನ್ಯವಾಗಿ ತುಸು ಹೆಚ್ಚೇ ಹೇಳುತ್ತದೆ. ಕಾರಿನ ಕಂಪ್ಯೂಟರ್ ಮಾಡುವುದೂ ಇದೇ ಲೆಕ್ಕ: ಒಳಬರುವ ಶಾಫ್ಟು, ಹೊರಹೋಗುವ ಶಾಫ್ಟು ಎರಡರ ವೇಗ ಅಳೆದು ಭಾಗಿಸುತ್ತದೆ. ಲೆಕ್ಕ ಹೊಂದದಿದ್ದರೆ ಪಿ0731ರಿಂದ ಪಿ0734ರವರೆಗಿನ ಸಂಕೇತ ಬರೆದಿಡುತ್ತದೆ. ಕೊನೆಯ ಅಂಕೆಯೇ ಗಿಯರಿನ ಸಂಖ್ಯೆ. ಪಿ0741 ಲಾಕ್-ಅಪ್ ಕ್ಲಚ್ಚಿನ ದೂರು. ಅಗ್ಗದ ಸ್ಕ್ಯಾನರುಗಳಲ್ಲಿ ಕೆಲವು ಇಂಜಿನ್ನಿನ ಕಂಪ್ಯೂಟರನ್ನಷ್ಟೇ ಓದುತ್ತವೆ, ಅವು “ತಪ್ಪಿಲ್ಲ” ಅಂದರೆ ಗಿಯರಿನಲ್ಲಿ ತಪ್ಪಿಲ್ಲ ಅಂತಲ್ಲ.

ಆಮೇಲೆ ಆಯಿಲ್. ಅಳೆಯುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಬಹುತೇಕ ಗಾಡಿಗಳಲ್ಲಿ ಬಿಸಿಯಾದ ಮೇಲೆ, ಸಮತಟ್ಟು ನೆಲದಲ್ಲಿ, ಇಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆಯಬೇಕು. ಹೋಂಡಾಗಳಲ್ಲಿ ಇಂಜಿನ್ ಆರಿಸಿ ಒಂದೂವರೆ ನಿಮಿಷದೊಳಗೆ. ಕಡ್ಡಿಯೇ ಇಲ್ಲದ ಗಾಡಿಗಳೂ ಉಂಟು. ಕಡಿಮೆಯಿದ್ದರೆ ಪಂಪು ಗಾಳಿ ಹೀರುತ್ತದೆ. ಹೆಚ್ಚಿದ್ದರೂ ಗಿಯರುಗಳು ಅದನ್ನು ಬಡಿದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ತಡೆಯುವ ತಾಕತ್ತಿಲ್ಲ. ಎರಡರ ಫಲವೂ ಜಾರುವಿಕೆ. ಒಂದು ಹನಿಯನ್ನು ಬಿಳಿ ಕಾಗದಕ್ಕೆ ಬಿಡಿ. ಕೆಂಪು ಅಥವಾ ತಿಳಿಗಂದು ಇದ್ದರೆ ಚಿಂತೆಯಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟಿನ ಪದರ ಆಯಿಲಿಗೆ ಇಳಿದಿದೆ. ಹಾಲು ಬೆರೆಸಿದಂಥ ಗುಲಾಬಿ ಬಣ್ಣ ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ: ರೇಡಿಯೇಟರಿನೊಳಗಿನ ಕೊಳವೆ ತೂತಾಗಿ ಕೂಲಂಟ್ ಗಿಯರಿಗೆ ನುಗ್ಗಿದೆ, ನೀರು ಕುಡಿದ ಕಾಗದದ ಪದರ ಉಬ್ಬಿ ಕಿತ್ತು ಬರುತ್ತದೆ.

ಸ್ಟಾಲ್ ಪರೀಕ್ಷೆ ಎಂಬುದೊಂದಿದೆ. ಬ್ರೇಕ್ ಬಲವಾಗಿ ಒತ್ತಿ, ಗಿಯರ್ ಹಾಕಿ, ಪೂರ್ತಿ ಎಕ್ಸಲರೇಟರ್ ಕೊಟ್ಟು ಮುಳ್ಳು ಎಷ್ಟಕ್ಕೆ ನಿಲ್ಲುತ್ತದೆ ನೋಡುವುದು. ಹೆಚ್ಚಿನ ಗಾಡಿಗಳಲ್ಲಿ ಎರಡರಿಂದ ಎರಡೂವರೆ ಸಾವಿರದ ಆಸುಪಾಸು. ಕಂಪನಿ ಹೇಳಿದ್ದಕ್ಕಿಂತ ಮೇಲೇರಿದರೆ ಪ್ಲೇಟು ಜಾರುತ್ತಿದೆ. ಕೆಳಗೇ ನಿಂತರೆ ಇಂಜಿನ್ ಸೊರಗಿದೆ, ಇಲ್ಲವೇ ಸ್ಟೇಟರಿನ ಒಮ್ಮುಖ ಕ್ಲಚ್ ಹೋಗಿದೆ. ಒಳ್ಳೆಯ ಪರೀಕ್ಷೆ, ಅಪಾಯಕಾರಿ ಪರೀಕ್ಷೆ. 2300 ಸುತ್ತಿನಲ್ಲಿ 120 ನ್ಯೂಟನ್-ಮೀಟರ್ ಅಂದರೆ ಸುಮಾರು 29 ಕಿಲೋವಾಟ್, ಚಕ್ರ ತಿರುಗದ ಕಾರಣ ಅಷ್ಟೂ ಬಿಸಿಯಾಗುತ್ತದೆ. ಐದು ಸೆಕೆಂಡಿಗೆ ಕನ್ವರ್ಟರಿನೊಳಗಿನ ಎರಡು ಲೀಟರ್ ಆಯಿಲ್ 40 ಡಿಗ್ರಿ ಏರಬಲ್ಲದು. ಐದು ಸೆಕೆಂಡ್ ಮೀರಬಾರದು, ಮಧ್ಯೆ ನ್ಯೂಟ್ರಲಿನಲ್ಲಿ ತಣಿಯಲು ಬಿಡಬೇಕು, ಗಾಡಿಯ ಮುಂದೆ ಯಾರೂ ನಿಂತಿರಬಾರದು. ಆಗಲೇ ಸುಟ್ಟ ವಾಸನೆ ಬರುತ್ತಿರುವ ಗಾಡಿಗೆ ಇದನ್ನು ಮಾಡುವುದು ದಡ್ಡತನ. ಅದರ ಬದಲು ಪೆಟ್ಟಿಗೆಯ ಮೇಲಿನ ಪರೀಕ್ಷಾ ರಂಧ್ರಕ್ಕೆ ಒತ್ತಡದ ಗೇಜು ಹಾಕಿಸಿ. ಒತ್ತಡ ಸರಿಯಿದ್ದೂ ಜಾರಿದರೆ ಪ್ಲೇಟು. ಒತ್ತಡವೇ ಇಲ್ಲದಿದ್ದರೆ ಪಂಪು, ಫಿಲ್ಟರು, ವಾಲ್ವುಗಳ ಕಡೆ ಹೋಗಬೇಕು.

ಇನ್ನು ಗ್ಯಾರೇಜಿನ ಬಾಗಿಲಲ್ಲಿ ಮುಗಿಯದ ಜಗಳ: ಹಳೆಯ ಗಾಡಿಯ ಆಯಿಲ್ ಬದಲಾಯಿಸಬೇಕೋ ಬೇಡವೋ? “ಬದಲಾಯಿಸಿದ ಮರುದಿನವೇ ನಿಂತಿತು” ಎಂಬ ಕತೆ ಎಲ್ಲ ಊರಲ್ಲೂ ಇದೆ. ಅದರಲ್ಲಿ ಅರ್ಧ ಸತ್ಯವಿದೆ. ಜನ ಆಯಿಲ್ ಬದಲಾಯಿಸಲು ಹೋಗುವುದು ಜಾರಲು ಶುರುವಾದ ಮೇಲೆ. ಆ ಪ್ಲೇಟುಗಳು ಹೇಗಿದ್ದರೂ ಸಾಯುತ್ತಿದ್ದವು, ಹೆಸರು ಆಯಿಲಿಗೆ ಬಂತು. ಜೊತೆಗೆ ಯಂತ್ರ ಹಚ್ಚಿ ಒತ್ತಡದಿಂದ ತೊಳೆದರೆ ತಳದ ಕಸ ಎದ್ದು ವಾಲ್ವುಗಳ ಕೂದಲೆಳೆಯಂಥ ಸಂದಿಗಳಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಜಾರದ ಗಾಡಿಗೆ, ಆಯಿಲ್ ಕಂದಾಗಿದ್ದರೂ ಸುಟ್ಟಿಲ್ಲದಿದ್ದರೆ, ಬರೀ ಇಳಿಸಿ ತುಂಬುವುದು ಕ್ಷೇಮ. ಒಮ್ಮೆ ಇಳಿಸಿದರೆ ಬರುವುದು ಸುಮಾರು ನೂರಕ್ಕೆ ನಲವತ್ತು ಭಾಗ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಎರಡನೆಯ ಸಲ, ಮತ್ತೆ ಮೂರನೆಯ ಸಲ ಮಾಡಿದರೆ ನೂರಕ್ಕೆ 78 ಭಾಗ ಹೊಸದಾಗುತ್ತದೆ. “ಆಯಿಲನ್ನು ಆಯುಸ್ಸಿಡೀ ಬದಲಾಯಿಸಬೇಕಿಲ್ಲ” ಎಂಬ ಕಂಪನಿಗಳ ಮಾತಿನಲ್ಲಿ ಯಾರ ಆಯುಸ್ಸು ಎಂದು ಹೇಳಿರುವುದಿಲ್ಲ. ಹನ್ನೆರಡು ವರ್ಷ ಓಡಿಸುವ ಊರಿನವರು ಅದನ್ನು ನಂಬಿ ಕೂರಬಾರದು.

ನಿಜವಾಗಿ ಜಾರುತ್ತಿರುವ ಗಾಡಿಗೆ ಚಿಕಿತ್ಸೆಯ ಮೆಟ್ಟಿಲುಗಳಿವೆ, ಮೇಲಿನದಕ್ಕೆ ಹಾರಬೇಕಿಲ್ಲ. ಮಟ್ಟ ಸರಿಪಡಿಸಿ ಸೋರಿಕೆ ನಿಲ್ಲಿಸುವುದು, ಫಿಲ್ಟರು, ತಂತಿ-ಸೆನ್ಸರು, ಕಂಪ್ಯೂಟರಿನ ಮಾತಿನಂತೆ ಆಯಿಲ್ ಬಿಡುವ ಸೊಲೆನಾಯ್ಡುಗಳು, ವಾಲ್ವುಗಳೆಲ್ಲ ಕೂತಿರುವ ವಾಲ್ವ್ ಬಾಡಿಯ ಶುದ್ಧಿ. ಇವನ್ನೆಲ್ಲ ಪೆಟ್ಟಿಗೆ ಇಳಿಸದೆಯೇ ಮಾಡಬಹುದಾದ ಗಾಡಿಗಳು ಹಲವು. ಬಾಟಲಿಯಲ್ಲಿ ಬರುವ “ಜಾರುವಿಕೆ ನಿಲ್ಲಿಸುವ” ದ್ರಾವಣಗಳು ಗಟ್ಟಿಯಾದ ರಬ್ಬರ್ ಸೀಲನ್ನು ತುಸು ಉಬ್ಬಿಸಿ ಒಂದಷ್ಟು ದಿನ ತಳ್ಳಬಹುದು, ಹೋದ ಕಾಗದವನ್ನು ತರಲಾರವು. ಪ್ಲೇಟು ಸುಟ್ಟಿದ್ದರೆ ಪೆಟ್ಟಿಗೆ ಬಿಚ್ಚಲೇಬೇಕು. ಆ ಕೆಲಸಕ್ಕೆ ಹಾಸಿಗೆಯಷ್ಟು ಶುಚಿಯಾದ ಮೇಜು, ಬಿಡಿಭಾಗಗಳ ಕಿಟ್, ತಾಳ್ಮೆ ಬೇಕು. ನಮ್ಮ ತಾಲ್ಲೂಕುಗಳಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಗುಜರಿಯ ಹಳೆಯ ಪೆಟ್ಟಿಗೆ ಹಾಕಿಸುವುದು ಅಗ್ಗ, ಆದರೆ ಅದನ್ನು ಯಾರು ಯಾಕೆ ಬಿಚ್ಚಿದರೋ ಗೊತ್ತಿಲ್ಲದ ಜೂಜು. ಅಪಘಾತವಾದ ಗಾಡಿಯದಾದರೆ, ಆಯಿಲಿನ ಬಣ್ಣ ನೋಡಿ, ಬರವಣಿಗೆಯಲ್ಲಿ ಗ್ಯಾರಂಟಿ ಪಡೆದು ಕೊಳ್ಳಬಹುದು. ರಿಪೇರಿಯ ಬೆಲೆ ಗಾಡಿಯ ಬೆಲೆಯ ಅರ್ಧ ಮೀರಿದರೆ ಮಾರುವುದೇ ಲೇಸು ಎನ್ನುವವರಿದ್ದಾರೆ. ಜಾರುವುದನ್ನು ಕೊಳ್ಳುವವನಿಗೆ ಹೇಳಿ ಮಾರಿದರೆ ನನ್ನ ತಕರಾರಿಲ್ಲ.

ಪೆಟ್ಟಿಗೆ ಬಿಚ್ಚಿಸಿದವರು ಎರಡು ವಿಷಯ ಪಟ್ಟು ಹಿಡಿದು ಕೇಳಬೇಕು. ಒಂದು, ಹಳೆಯ ಪ್ಲೇಟುಗಳನ್ನೆಲ್ಲ ಜೋಡಿಸಿ ತೋರಿಸಿ ಎಂದು. ಒಂದೇ ಕಟ್ಟು ಕಪ್ಪಾಗಿ ಉಳಿದವು ಕಂದಾಗಿದ್ದರೆ ಆ ಕಟ್ಟಿನ ಸೀಲು, ಸೊಲೆನಾಯ್ಡ್ ಬದಲಾಯಿಸಿದ್ದಾರೆಯೇ ನೋಡಬೇಕು. ಎಲ್ಲವೂ ಕಪ್ಪಾಗಿದ್ದರೆ ಪಂಪಿನ ಮಾತು ಕೇಳಬೇಕು. ಎರಡು, ರೇಡಿಯೇಟರಿನೊಳಗಿನ ಆ ತಣಿಸುವ ಕೊಳವೆ. ಹಳೆಯ ಪ್ಲೇಟಿನ ಕಪ್ಪು ಪುಡಿ, ಲೋಹದ ತುಣುಕು ಎಲ್ಲ ಅಲ್ಲಿ ಸೇರಿರುತ್ತವೆ. ಅದನ್ನು ತೊಳೆಯದೆ ಹೊಸ ಪೆಟ್ಟಿಗೆ ಜೋಡಿಸಿದರೆ ಮೊದಲ ದಿನವೇ ಆ ಕಸ ಹೊಸ ವಾಲ್ವುಗಳಿಗೆ ಬರುತ್ತದೆ. ಕೂಲಂಟ್ ಬೆರೆತ ಗಾಡಿಯಾದರೆ ತೊಳೆದರೂ ಸಾಲದು, ರೇಡಿಯೇಟರನ್ನೇ ಬದಲಾಯಿಸಬೇಕು. ಹೊಸ ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ. ಕಂಪನಿ ಹೇಳಿದ ಕೂಲಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಹಾಕಿಸಿ. ಆ ಕ್ಯಾನು ಹಡಗಲಿಯ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ.